ಬೇಕರಿಯಿಂದ ಶುರು ಮಾಡಿ: ಅರ್ಜೆಂಟೀನಾದ ಜನಪದ ಹಾಡು ಕೇಳುವ ಬಗೆ

ಅರ್ಜೆಂಟೀನಾ ಅಂದ ಕೂಡಲೇ ಟ್ಯಾಂಗೋ ಹಾಕಬೇಡಿ. ಅದು ರಾಜಧಾನಿ ಬ್ಯೂನಸ್ ಐರಿಸ್ ಕಡೆಯದು. ಒಳನಾಡಿನ ಊರುಗಳ ದಿನದ ಬದುಕು ಇರುವುದು ಅಲ್ಲಿನ ಜನಪದ ಹಾಡಿನಲ್ಲಿ. ರಾಯಚೂರಿನಲ್ಲಿ ನಾವು ಗೆಳೆಯರು ಸಂಜೆ ಬಿಸಿಲಿಳಿದ ಮೇಲೆ ಮಾಳಿಗೆ ಮೇಲೆ ಕೂತು ಕೇಳುತ್ತೇವೆ. ಹೇಗೆ ಕೇಳಿದರೆ ಹತ್ತುತ್ತೆ ಅಂತ ಹೇಳ್ತೀನಿ.

ಮೊದಲು ಒಂದೇ ಊರು ಹಿಡಿಯಿರಿ. ಸಾಲ್ತಾ ಒಳ್ಳೆಯದು, ದೇಶದ ವಾಯವ್ಯದಲ್ಲಿದೆ. ಕವಿ ಮನುವೆಲ್ ಕಾಸ್ತಿಯಾ ಪದ ಬರೆದು, ವಕೀಲರೂ ಆಗಿದ್ದ ಗುಸ್ತಾವೊ ಲೆಗಿಸಮೋನ್ ರಾಗ ಹಾಕಿದ ಹಾಡುಗಳಲ್ಲಿ ಆ ಊರಿನ ನಿಜವಾದ ಜನರೇ ಸಿಗುತ್ತಾರೆ. 'ಸಾಂಬಾ ದೆ ಹುವಾನ್ ಪನಾದೆರೊ' ಹುಡುಕಿ. ಸಾಂಬಾ ಅಂದರೆ ಅಲ್ಲಿನ ನಿಧಾನ ಲಯದ ಒಂದು ಜನಪದ ಹಾಡು-ಕುಣಿತ. ಇಂಗ್ಲಿಷ್‌ನಲ್ಲಿ ಟೈಪ್ ಮಾಡುವಾಗ ಸಾಂಬಾಕ್ಕೆ 'ಎಸ್' ಬದಲು 'ಝೆಡ್' ಹಾಕಿ, ಇಲ್ಲದಿದ್ದರೆ ಬ್ರೆಜಿಲ್‌ನ ಕುಣಿತ ಬರುತ್ತೆ. ಇದು ಹುವಾನ್ ರಿಯೆರಾ ಎಂಬ ಬೇಕರಿಯವರ ಹಾಡು. ಬಡವರು ಬಂದು ಬ್ರೆಡ್ ತಗೊಂಡು ಹೋಗಲಿ ಅಂತ ರಾತ್ರಿ ಅಂಗಡಿ ಬಾಗಿಲು ತೆರೆದೇ ಇಡುತ್ತಿದ್ದರು, ಇಂಥವರ ಹತ್ತಿರ ಕದಿಯೋದಾದರೂ ಹೇಗೆ ಅಂತ ಹಾಡು ಕೇಳುತ್ತೆ. ರಾಜನಲ್ಲ, ಯೋಧನಲ್ಲ, ಬ್ರೆಡ್ ಸುಡುವ ಮನುಷ್ಯ. ನನಗೆ ಈ ಹಾಡುಗಳ ಮೇಲೆ ಇಷ್ಟು ಪ್ರೀತಿ ಇರೋದೇ ಅದಕ್ಕೆ.

ಮೊದಲ ಸಲ ಅರ್ಥದ ಗೊಡವೆಗೆ ಹೋಗಬೇಡಿ, ಬೊಂಬೊ ಡೋಲಿನ ಕಡೆ ಕಿವಿ ಇಡಿ. ಮರದ ಬೊಡ್ಡೆ ಕೊರೆದು, ಕೂದಲು ತೆಗೆಯದ ಕುರಿ ಅಥವಾ ಮೇಕೆ ಚರ್ಮ ಬಿಗಿದು ಮಾಡಿರುತ್ತಾರೆ. ಚರ್ಮದ ಮೇಲೆ ಧಮ್, ಕಟ್ಟಿಗೆ ಅಂಚಿನ ಮೇಲೆ ಟಕ್. ಈ ಎರಡು ಸದ್ದು ಬೇರೆ ಬೇರೆ ಕೇಳಿಸಿದರೆ ಲಯ ಸಿಕ್ಕಿತು ಅಂತಲೇ ಲೆಕ್ಕ. ನಮ್ಮ ಕಡೆ ಹಲಗೆ ಕೇಳಿ ಬೆಳೆದವರಿಗೆ ಕಷ್ಟವೇನಲ್ಲ.

ಎರಡನೇ ಸಲ ಪದ ಓದಿಕೊಂಡು ಕೇಳಿ. ಹಾಡಿನ ಹೆಸರಿನ ಜೊತೆ 'ಲೆತ್ರಾ' (letra, ಅಂದರೆ ಹಾಡಿನ ಸಾಹಿತ್ಯ) ಅಂತ ಸೇರಿಸಿ ಹುಡುಕಿದರೆ ಸ್ಪ್ಯಾನಿಷ್ ಸಾಹಿತ್ಯ ಸಿಗುತ್ತೆ, ಅದನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ. ಅನುವಾದ ಒರಟಾಗಿರುತ್ತೆ, ಆದರೂ ಅಂಗಡಿ, ಓಣಿ, ಮನುಷ್ಯರ ಹೆಸರು ಕೈಗೆ ಸಿಗುತ್ತವೆ, ಅಷ್ಟು ಸಾಕು.

ಆಮೇಲೆ ಅರ್ಜೆಂಟೀನಾದ ಹೆಸರಾಂತ ಗಾಯಕಿ ಮರ್ಸಿಡಿಸ್ ಸೋಸಾ ಹಾಡಿದ 'ಬಾಲ್ದೆರ್ರಾಮಾ' ಕೇಳಿ. ಅದೇ ಜೋಡಿಯ ಹಾಡು, ಸಾಲ್ತಾದಲ್ಲಿ ಹಾಡುಗಾರರು ರಾತ್ರಿಯೆಲ್ಲ ಸೇರುತ್ತಿದ್ದ ಒಂದು ಹೋಟೆಲಿನ ಬಗ್ಗೆ. ಇದರ ದೀಪ ಆರಿದರೆ ನಾವು ಎಲ್ಲಿಗೆ ಹೋಗೋದು ಅನ್ನೋ ಸಾಲಿಗೆ ಅವರ ದನಿ ಬಂದಾಗ ಪಕ್ಕದವರ ಜೊತೆ ಮಾತು ನಿಲ್ಲಿಸಿ.

ಚಾಕರೇರಾ ಕೊನೆಗಿರಲಿ. ದೇಶದ ಉತ್ತರದ ಸಾಂತಿಯಾಗೊ ದೆಲ್ ಎಸ್ತೆರೊ ಪ್ರಾಂತ್ಯದ ಕಡೆಯ ಚುರುಕು ಕುಣಿತ ಅದು. 'ಅದೆಂತ್ರೊ!' ಅಂತ ಕೂಗು ಬಿದ್ದರೆ ಪದ ಶುರುವಾಯಿತು, ಕುಣಿಯೋರು ಹೆಜ್ಜೆ ಹಾಕುತ್ತಾರೆ. ಕುಣಿತ ಕಣ್ಣಾರೆ ನೋಡಬೇಕಿದ್ದರೆ ಅರ್ಜೆಂಟೀನಾದ ಕೊಸ್ಕಿನ್ ಊರಿನ ಜನಪದ ಉತ್ಸವದ ವಿಡಿಯೋ ಹುಡುಕಿ, 1961ರಿಂದ ಜನವರಿಯಲ್ಲಿ ನಡೆಯುತ್ತಿದೆ.