ಡಾಸ್‌ಬಾಕ್ಸ್ ಸೆಟ್ಟಿಂಗುಗಳನ್ನು ನಾನು ಜೋಡಿಸಿಕೊಂಡ ಬಗೆ

ಡಾಸ್ ಕಾಲದ ಆಟ, ಪ್ರೋಗ್ರಾಮುಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್, ಅಂದರೆ ಹಳೇ ಯಂತ್ರದ ವೇಷ ಹಾಕುವ ಸಾಫ್ಟ್‌ವೇರ್, ಡಾಸ್‌ಬಾಕ್ಸ್. ಅದನ್ನು ಬಳಸುವವರ ಹತ್ತಿರ ಸ್ವಲ್ಪ ದಿನದಲ್ಲೇ ಕಾನ್ಫ್ ಫೈಲುಗಳ, ಅಂದರೆ ಸೆಟ್ಟಿಂಗು ಬರೆದಿಡುವ ಫೈಲುಗಳ, ರಾಶಿ ಬೀಳುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾ ಆಟಕ್ಕೊಂದು, ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಟರ್ಬೋ ಸಿಗೊಂದು, ಯಾರದೋ ಹಳೇ ಲೆಕ್ಕದ ಪ್ರೋಗ್ರಾಮಿಗೆ ಮತ್ತೊಂದು. ಎಲ್ಲವೂ ಮೂಲ ಫೈಲಿನ ಪೂರ್ತಿ ನಕಲು. ಒಂದೊಂದರಲ್ಲೂ ನೂರಾರು ಸಾಲು. ಅದರಲ್ಲಿ ನಿಜವಾಗಿ ಬದಲಾಗಿರೋದು ಮೂರೋ ನಾಲ್ಕೋ. ಯಾವ ಸಾಲು, ಯಾಕೆ ಬದಲಾಯಿಸಿದ್ದು ಅಂತ ವರ್ಷ ಬಿಟ್ಟು ಕೇಳಿದರೆ ಬರೆದವನಿಗೇ ಗೊತ್ತಿರುವುದಿಲ್ಲ.

ನನ್ನದು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಹಳೇ ಸಾಫ್ಟ್‌ವೇರ್ ನನಗೆ ಹುಚ್ಚು. ಆದರೆ ಬರೀ ಹುಚ್ಚಲ್ಲ, ಅದರಿಂದ ನಾಲ್ಕು ಕಾಸೂ ಬರುತ್ತದೆ. ಆಲ್ದೂರು, ಮೂಡಿಗೆರೆ ಕಡೆಯ ಕೆಲವು ಕಾಫಿ ತೋಟಗಳಲ್ಲಿ 90ರ ದಶಕದಲ್ಲೇ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಕಂಪ್ಯೂಟರ್‌ಗೆ ಹೋಗಿತ್ತು. ಯಾರೋ ಫಾಕ್ಸ್‌ಪ್ರೋ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದುಕೊಟ್ಟ ಪ್ರೋಗ್ರಾಮ್. ಯಾವ ಆಳು ಯಾವ ದಿನ ಬಂದ, ಯಾವ ಕೆಲಸ, ಎಷ್ಟು ಕೂಲಿ, ಎಲ್ಲ ಅದರಲ್ಲಿದೆ. ಈಗ ಅದು ಯಾಕೆ ಬೇಕು ಅಂದರೆ ಗ್ರಾಚ್ಯುಟಿಗೆ. 1972ರ ಗ್ರಾಚ್ಯುಟಿ ಕಾಯ್ದೆ ಪ್ಲಾಂಟೇಶನ್‌ಗೂ ಅನ್ವಯಿಸುತ್ತಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. ವರ್ಷಕ್ಕೆ 240 ದಿನದ ಲೆಕ್ಕ, ಪ್ರತಿ ವರ್ಷದ ಸೇವೆಗೆ 15 ದಿನದ ಕೂಲಿ. ಮೂವತ್ತು ವರ್ಷ ದುಡಿದವರು ನಿವೃತ್ತರಾಗುವಾಗ ಹಳೇ ಹಾಜರಿ ತೋರಿಸಬೇಕಲ್ಲ. ಮಲೆನಾಡಿನ ಥಂಡಿಗೆ ಆ ಕಾಲದ ಮೆಷಿನ್‌ಗಳು ಸತ್ತು ಯಾವ ಕಾಲವಾಯಿತೋ. ಫ್ಲಾಪಿಯ ಲೋಹದ ಮುಚ್ಚಳ ಸರಿಸಿದರೆ ಒಳಗಿನ ಕಂದು ತಟ್ಟೆಯ ಮೇಲೆ ಬಿಳಿ ಬೂಷ್ಟು. ಅದನ್ನೆಲ್ಲ ದಾಟಿ ಡೇಟಾ ಹೊರಗೆ ತೆಗೆದ ಮೇಲೆ ಅದು ಓಡಬೇಕಾದದ್ದು ಡಾಸ್‌ಬಾಕ್ಸ್‌ನಲ್ಲಿ.

ಅದೇ ಲ್ಯಾಪ್‌ಟಾಪಿನಲ್ಲಿ ಕಾಲೇಜು ಹುಡುಗರ ಟರ್ಬೋ ಸಿ ಇರುತ್ತದೆ. ನನ್ನ ಡಿಗ್ಗರ್, ಡೇವ್ ಆಟಗಳೂ ಇರುತ್ತವೆ. ಒಂದಕ್ಕೆ ಹೊಂದುವ ಸೆಟ್ಟಿಂಗು ಇನ್ನೊಂದಕ್ಕೆ ಹೊಂದುವುದಿಲ್ಲ. ಇದಕ್ಕೆ ನಾನು ಮಾಡಿಕೊಂಡಿರುವ ಕಟ್ಟುಪಾಡು ಒಂದೇ: ಸೆಟ್ಟಿಂಗು ಯಾರಿಗೆ ಸೇರಿದ್ದು ಅಂತ ನೋಡಿ ಫೈಲು ಬೇರೆ ಮಾಡೋದು. ಈ ಲ್ಯಾಪ್‌ಟಾಪಿಗೆ ಸೇರಿದ್ದು ಒಂದು ಫೈಲು. ಎಮ್ಯುಲೇಟರ್ ಯಾವ ಹಳೇ ಯಂತ್ರದ ವೇಷ ಹಾಕುತ್ತದೋ ಆ ಯಂತ್ರಕ್ಕೆ ಸೇರಿದ್ದು ಇನ್ನೊಂದು. ಪ್ರೋಗ್ರಾಮಿಗೆ ಸೇರಿದ್ದು ಮೂರನೆಯದು. ಬೈ ಡಿಫಾಲ್ಟ್ ಇರುವ ಬೆಲೆಗಳನ್ನು ಎಲ್ಲೂ ಬರೆಯುವುದಿಲ್ಲ. ಬೇರೆಯಾಗಿರುವ ಸಾಲು ಮಾತ್ರ ಬರೆಯುತ್ತೇನೆ. ಬರೆಯದೆ ಬಿಟ್ಟಿದ್ದಕ್ಕೆಲ್ಲ ಡಾಸ್‌ಬಾಕ್ಸ್ ತನ್ನ ಡಿಫಾಲ್ಟನ್ನೇ ತೆಗೆದುಕೊಳ್ಳುತ್ತದೆ.

ಇದು ಸಾಧ್ಯ ಆಗೋದು ಒಂದು ಸೌಲಭ್ಯದಿಂದ. ಡಾಸ್‌ಬಾಕ್ಸ್ ಶುರು ಮಾಡುವಾಗ ‘ಹೈಫನ್ ಕಾನ್ಫ್’ ಅನ್ನುವ ಆಯ್ಕೆಯನ್ನು ಎಷ್ಟು ಸಲ ಬೇಕಾದರೂ ಕೊಡಬಹುದು. ಫೈಲುಗಳನ್ನು ಕೊಟ್ಟ ಕ್ರಮದಲ್ಲೇ ಓದುತ್ತದೆ. ಹಿಂದಿನ ಫೈಲು ಹೇಳಿದ್ದನ್ನು ಮುಂದಿನ ಫೈಲು ಮೀರಬಹುದು. ಹಾಗಾಗಿ ಮೊದಲು ಲ್ಯಾಪ್‌ಟಾಪು, ಆಮೇಲೆ ಯಂತ್ರ, ಕೊನೆಗೆ ಪ್ರೋಗ್ರಾಮು. ಒಂದೊಂದು ಪ್ರೋಗ್ರಾಮಿಗೆ ಒಂದು ಬ್ಯಾಚ್ ಫೈಲು ಮಾಡಿ, ಈ ಮೂರನ್ನೂ ಸಾಲಾಗಿ ಬರೆದು, ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಇಟ್ಟರೆ ಮುಗಿಯಿತು. ನಾನು ಬಳಸೋದು 2019ರಲ್ಲಿ ಬಂದ 0.74-3.

ಇಲ್ಲೊಂದು ಸೂಕ್ಷ್ಮ ಇದೆ. ಹೀಗೆ ಕಾನ್ಫ್ ಹೆಸರು ಕೊಟ್ಟು ಓಡಿಸಿದಾಗ, ವಿಂಡೋಸ್ ಯೂಸರ್ ಫೋಲ್ಡರಿನಲ್ಲಿ ಡಾಸ್‌ಬಾಕ್ಸ್ ತಾನೇ ಬರೆದಿಟ್ಟ ಫೈಲನ್ನು ಅದು ನೋಡುವುದೇ ಇಲ್ಲ. ಅದೂ ಬೇಕು ಅಂದರೆ ‘ಯೂಸರ್‌ಕಾನ್ಫ್’ ಅನ್ನುವ ಆಯ್ಕೆ ಸೇರಿಸಬೇಕು. ಬಹಳ ಜನ ಆ ಮೂಲ ಫೈಲನ್ನು ತಿದ್ದಿ, ಶಾರ್ಟ್‌ಕಟ್‌ನಿಂದ ಓಡಿಸಿ, ಏನೂ ಬದಲಾಗಿಲ್ಲವಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಅನುಮಾನ ಬಂದರೆ ಹಿಂದೆ ತೆರೆದುಕೊಳ್ಳುವ ಕಪ್ಪು ಸ್ಟೇಟಸ್ ಕಿಟಕಿ ನೋಡಿ. ಯಾವ ಯಾವ ಕಾನ್ಫ್ ಫೈಲು ಓದಿದೆ ಅಂತ ಒಂದೊಂದು ಸಾಲು ಅಲ್ಲಿ ಬಿದ್ದಿರುತ್ತದೆ.

ಲ್ಯಾಪ್‌ಟಾಪಿನ ಫೈಲಿನಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಔಟ್‌ಪುಟ್ ಓಪನ್‌ಜಿಎಲ್, ಫುಲ್ ರೆಸಲ್ಯೂಶನ್ ಡೆಸ್ಕ್‌ಟಾಪ್, ಆಸ್ಪೆಕ್ಟ್ ಟ್ರೂ. ಈ ಕೊನೆಯದನ್ನು ಮಾತ್ರ ಬಿಡಬೇಡಿ. ಹಳೇ ಆಟಗಳ 320ಕ್ಕೆ 200 ಚಿತ್ರ 4ಕ್ಕೆ 3ರ ಮಾನಿಟರನ್ನು ತುಂಬುವಂತೆ ಬರೆದದ್ದು. ಅಂದರೆ ಒಂದೊಂದು ಚುಕ್ಕಿಯೂ ಸ್ವಲ್ಪ ಉದ್ದ. ಆಸ್ಪೆಕ್ಟ್ ಸರಿ ಮಾಡದಿದ್ದರೆ ಪ್ರಿನ್ಸ್ ಕುಳ್ಳಗಾಗಿ ಓಡಾಡುತ್ತಾನೆ.

ನಿಜವಾದ ಮಜಾ ಇರೋದು ಯಂತ್ರದ ಫೈಲುಗಳಲ್ಲಿ. ನನ್ನ ಹತ್ತಿರ ನಾಲ್ಕು ಯಂತ್ರ ಇವೆ: ಮೊದಲ ಪಿಸಿ, ಹರ್ಕ್ಯುಲಿಸ್ ಮಾನಿಟರಿನ ಆಫೀಸ್ ಮೆಷಿನ್, 386 ಮತ್ತು 486 ಪ್ರೊಸೆಸರಿನ ಕಂಪ್ಯೂಟರುಗಳು. ಮುಖ್ಯವಾಗಿ ಎರಡು ಸಾಲು, ಮೆಷಿನ್ ಮತ್ತು ಸೈಕಲ್ಸ್. ಮೆಷಿನ್ ಅಂದರೆ ಯಾವ ಡಿಸ್‌ಪ್ಲೇ ಕಾರ್ಡ್ ಅಂತ. ಡಿಗ್ಗರ್ 1983ರ ಆಟ, ಸಿಜಿಎ ಅನ್ನುವ ಹಳೇ ಬಣ್ಣದ ಕಾರ್ಡಿಗೆ ಬರೆದದ್ದು. ಅದಕ್ಕೆ ಮೆಷಿನ್ ಸಿಜಿಎ. ಹರ್ಕ್ಯುಲಿಸ್ ಅಂತ ಕೊಟ್ಟರೆ ಒಂದೇ ಬಣ್ಣ. ಎಫ್11 ಒತ್ತುತ್ತಾ ಹೋದರೆ ಅದು ಹಳದಿ, ಹಸಿರು, ಬಿಳಿ ಅಂತ ತಿರುಗುತ್ತದೆ. ಹಿಂದೆ ಆಫೀಸುಗಳಲ್ಲಿ ಕೂತವರಿಗೆ ಆ ಹಸಿರು ನೋಡಿದರೇ ಖುಷಿ. ಮೆಷಿನ್ ಸಾಲನ್ನು ಡಾಸ್‌ಬಾಕ್ಸ್ ಓಡುತ್ತಿರುವಾಗ ಬದಲಾಯಿಸೋಕೆ ಬರಲ್ಲ, ಮುಚ್ಚಿ ಮತ್ತೆ ತೆರೆಯಬೇಕು. ಯಂತ್ರಕ್ಕೆ ಪ್ರತ್ಯೇಕ ಫೈಲು ಇಟ್ಟಿದ್ದಕ್ಕೆ ಅದೂ ಒಂದು ಕಾರಣ.

ಸೈಕಲ್ಸ್ ಅಂದರೆ ವೇಗ. ಡಿಫಾಲ್ಟ್ ‘ಆಟೋ’. ಸಾಧಾರಣ ಡಾಸ್ ಪ್ರೋಗ್ರಾಮಿಗೆ ಅದು 3000 ಕೊಡುತ್ತದೆ. ಪ್ರೋಗ್ರಾಮ್ ಪ್ರೊಟೆಕ್ಟೆಡ್ ಮೋಡಿಗೆ (ಹೆಚ್ಚು ಮೆಮೊರಿ ಬಳಸುವ ದೊಡ್ಡ ಪ್ರೋಗ್ರಾಮುಗಳ ವಿಧಾನ) ಹೋದರೆ ಕಂಪ್ಯೂಟರ್ ಎಷ್ಟು ತಡೆಯುತ್ತದೋ ಅಷ್ಟು ವೇಗಕ್ಕೆ ಬಿಟ್ಟುಬಿಡುತ್ತದೆ. ಆಟಗಳಿಗೆ ಇದು ಬಹಳ ಸಲ ಸರಿ. ಹಳೇ ಲೆಕ್ಕದ ಪ್ರೋಗ್ರಾಮುಗಳಿಗೆ ನಾನು ಇದನ್ನು ನಂಬುವುದಿಲ್ಲ. ಕಾರಣ ಇದೆ. ಆ ಕಾಲದ ಎಷ್ಟೋ ಪ್ರೋಗ್ರಾಮುಗಳು ಶುರುವಾಗುವಾಗಲೇ ಒಂದು ಲೂಪ್ ಓಡಿಸಿ ಮೆಷಿನ್ನಿನ ವೇಗ ಅಳೆಯುತ್ತವೆ. ಟರ್ಬೋ ಪ್ಯಾಸ್ಕಲ್‌ನಲ್ಲಿ ಆ ಎಣಿಕೆಯನ್ನು 55ರಿಂದ ಭಾಗಿಸುತ್ತಾರೆ. ಮೆಷಿನ್ ತೀರಾ ವೇಗವಾದರೆ ಎಣಿಕೆ ದೊಡ್ಡದಾಗಿ, ಭಾಗಿಸಿದ ಉತ್ತರ 16 ಬಿಟ್‌ನಲ್ಲಿ ಹಿಡಿಯುವುದಿಲ್ಲ. ರನ್‌ಟೈಮ್ ಎರರ್ 200 ಅಂತ ಹೇಳಿ ಬಿದ್ದುಹೋಗುತ್ತದೆ. ಫಾಕ್ಸ್‌ಪ್ರೋಗೂ ಇದೇ ಜಾತಿಯ ಕಾಯಿಲೆ ಇತ್ತು, ವೇಗದ ಪೆಂಟಿಯಂಗಳು ಬಂದಾಗ ‘ಡಿವೈಡ್ ಬೈ ಝೀರೋ’ ಅನ್ನುತ್ತಿತ್ತು. ಹಾಗಾಗಿ 386ರ ಫೈಲಿನಲ್ಲಿ ಫಿಕ್ಸ್‌ಡ್ 6000, 486ರಲ್ಲಿ ಅದರ ಎರಡರಷ್ಟು ಅಂತ ಗಟ್ಟಿಯಾಗಿ ಬರೆದಿದ್ದೇನೆ. ಮೊದಲ ಪಿಸಿಗೆ 300. 4.77 ಮೆಗಾಹರ್ಟ್ಸ್‌ನ 8088 ಪ್ರೊಸೆಸರ್ ಹೆಚ್ಚುಕಮ್ಮಿ ಅಷ್ಟೇ ನಿಧಾನ. ಇವು ಅಂದಾಜು ಅಂಕಿಗಳು, ಆಟ ನೋಡಿಕೊಂಡು ಕಂಟ್ರೋಲ್ ಎಫ್11, ಎಫ್12ರಲ್ಲಿ ಇಳಿಸಿ ಏರಿಸಿ. ಹೊಂದಿದ ಅಂಕಿಯನ್ನು ಯಂತ್ರದ ಫೈಲಿನಲ್ಲಿ ತಿದ್ದಬೇಡಿ. ಅದು ಆ ಆಟಕ್ಕೆ ಮಾತ್ರ ಸೇರಿದ್ದು, ಆಟದ ಫೈಲಿನಲ್ಲಿ ಬರೆಯಿರಿ.

ಸೌಂಡ್ ವಿಷಯ ಬೇಗ ಮುಗಿಯುತ್ತದೆ. ಡಿಫಾಲ್ಟ್ ಸೌಂಡ್ ಬ್ಲಾಸ್ಟರ್ ಕಾರ್ಡ್, ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1. ಅದನ್ನು ಮುಟ್ಟದೆ, ಆಟದ ಸೆಟಪ್‌ನಲ್ಲೇ ಇದೇ ಅಂಕಿ ಕೊಡಿ.

ಪ್ರೋಗ್ರಾಮಿನ ಫೈಲಿನಲ್ಲಿ ಮುಖ್ಯವಾದದ್ದು ಆಟೋಎಕ್ಸೆಕ್ ಭಾಗ, ಅಂದರೆ ಡಾಸ್‌ಬಾಕ್ಸ್ ತೆರೆದ ಕೂಡಲೇ ತಾನಾಗೇ ಓಡುವ ಕಮಾಂಡುಗಳು. ಉಳಿದ ಸೆಟ್ಟಿಂಗುಗಳಲ್ಲಿ ಮುಂದಿನ ಫೈಲು ಹಿಂದಿನದನ್ನು ಮೀರುತ್ತದೆ ಅಂದೆನಲ್ಲ, ಆಟೋಎಕ್ಸೆಕ್‌ನಲ್ಲಿ ಹಾಗಲ್ಲ. ಅದು ಒಂದರ ಹಿಂದೆ ಒಂದು ಅಂಟಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಫೈಲಿನಲ್ಲಿ ಸಿ ಡ್ರೈವಿಗೆ ಒಂದು ಮೌಂಟ್ ಸಾಲು (ವಿಂಡೋಸ್ ಫೋಲ್ಡರನ್ನು ಡಾಸ್‌ಬಾಕ್ಸ್ ಒಳಗೆ ಡ್ರೈವ್ ಆಗಿ ತೋರಿಸುವ ಕಮಾಂಡ್) ಇಟ್ಟು, ಪ್ರೋಗ್ರಾಮಿನ ಫೈಲಿನಲ್ಲಿ ಮತ್ತೆ ‘ಮೌಂಟ್ ಸಿ’ ಅಂದರೆ ಸಿ ಡ್ರೈವ್ ಆಗಲೇ ಮೌಂಟ್ ಆಗಿದೆ ಅಂತ ಗೊಣಗಿ ಹಳೇ ಫೋಲ್ಡರನ್ನೇ ಹಿಡಿದುಕೊಂಡಿರುತ್ತದೆ. ಆದ್ದರಿಂದ ಮೇಲಿನ ಎರಡು ಪದರದಲ್ಲಿ ಆಟೋಎಕ್ಸೆಕ್ ಇರಲೇಬಾರದು. ಮೌಂಟು, ಫೋಲ್ಡರಿಗೆ ಹೋಗೋದು, ಪ್ರೋಗ್ರಾಮ್ ಹೆಸರು, ಕೊನೆಗೆ ಎಕ್ಸಿಟ್, ಎಲ್ಲ ಕೊನೆಯ ಫೈಲಿನಲ್ಲಿ.

ಟರ್ಬೋ ಸಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಡುಗರು ಅಂಗಡಿಗೆ ಬಂದು ಹೇಳೋದು ಒಂದೇ ದೂರು: ‘ಅಣ್ಣ, ರನ್ ಮಾಡಿದ್ರೆ ಪೂರ್ತಿ ಕ್ಲೋಸ್ ಆಗ್ತಿದೆ, ಬರೆದಿದ್ದೆಲ್ಲ ಹೋಯ್ತು.’ ವೈರಸ್ ಅಂದುಕೊಂಡಿರುತ್ತಾರೆ. ಅದು ಬರೀ ಕೀಲಿಗಳ ಜಗಳ. ಟರ್ಬೋ ಸಿಯಲ್ಲಿ ಕಂಟ್ರೋಲ್ ಎಫ್9 ಅಂದರೆ ರನ್. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಎಫ್9 ಅಂದರೆ ಸೀದಾ ಬಂದ್. ಕೇಳೋದೂ ಇಲ್ಲ. ಕಂಟ್ರೋಲ್ ಎಫ್1 ಒತ್ತಿ, ಕೀಲಿಗಳನ್ನು ಹೊಂದಿಸುವ ಮ್ಯಾಪರ್ ತೆರೆಯಿರಿ, ಶಟ್‌ಡೌನ್ ಅನ್ನುವ ಬಟನ್ ಆರಿಸಿ, ಅದರ ಕೀಲಿ ಅಳಿಸಿ, ಸೇವ್ ಮಾಡಿ. ಆ ಮ್ಯಾಪ್ ಫೈಲಿಗೆ ಬೇರೆ ಹೆಸರು ಕೊಟ್ಟು, ಪೂರ್ತಿ ಪಾತ್ ಸಮೇತ ಟರ್ಬೋ ಸಿಯ ಕಾನ್ಫ್‌ನಲ್ಲಿ ಬರೆದಿದ್ದೇನೆ. ಉಳಿದ ಪ್ರೋಗ್ರಾಮುಗಳಲ್ಲಿ ಕಂಟ್ರೋಲ್ ಎಫ್9 ಮೊದಲಿನ ಹಾಗೇ ಇದೆ. ಆಟ ಸಿಕ್ಕಿಹಾಕಿಕೊಂಡಾಗ ಅದು ಬೇಕು.

ಗ್ರಾಫಿಕ್ಸ್ ಲ್ಯಾಬ್ ಮಾಡುವವರಿಗೆ ಇನ್ನೊಂದು ಮಾತು. ಇನಿಟ್‌ಗ್ರಾಫ್ ಸಾಲಿನಲ್ಲಿ ಬಿಜಿಐ (ಗ್ರಾಫಿಕ್ಸ್ ಡ್ರೈವರುಗಳ) ಫೋಲ್ಡರಿನ ಪಾತ್ ಬರೆದಿರುತ್ತೀರಲ್ಲ, ಅದು ಡಾಸ್‌ಬಾಕ್ಸ್ ಒಳಗಿನ ಪಾತ್, ವಿಂಡೋಸ್‌ನದ್ದಲ್ಲ. ಮನೆಯಲ್ಲೂ ಕಾಲೇಜಿನಲ್ಲೂ ಒಂದೇ ಥರ ಮೌಂಟ್ ಮಾಡಿದರೆ ‘ಗ್ರಾಫಿಕ್ಸ್ ನಾಟ್ ಇನಿಶಿಯಲೈಸ್ಡ್’ ಅನ್ನುವ ಮೆಸೇಜು ಪರೀಕ್ಷೆ ದಿನ ಕಾಡುವುದಿಲ್ಲ.

ಆಗಲೇ ಇರುವ ದೊಡ್ಡ ಕಾನ್ಫ್ ಫೈಲುಗಳನ್ನು ಒಡೆಯೋದು ಹೇಗೆ? ಕಣ್ಣಲ್ಲಿ ಹುಡುಕಬೇಡಿ. ಡಾಸ್‌ಬಾಕ್ಸನ್ನು ಯಾವ ಬದಲಾವಣೆಯೂ ಇಲ್ಲದೆ ತೆರೆದು ‘ಕಾನ್ಫಿಗ್ ಹೈಫನ್ ರೈಟ್‌ಕಾನ್ಫ್’ ಅಂತ ಒಂದು ಫೈಲಿಗೆ ಬರೆಸಿ. ಅದು ಶುದ್ಧ ಡಿಫಾಲ್ಟ್. ನಿಮ್ಮ ಹಳೇ ಫೈಲನ್ನೂ ಇದನ್ನೂ ವಿಂಡೋಸ್‌ನ ‘ಎಫ್‌ಸಿ’ ಕಮಾಂಡಿಗೆ ಕೊಟ್ಟರೆ ಬೇರೆಯಾದ ಸಾಲುಗಳು, ಅಕ್ಕಪಕ್ಕದ ಒಂದೊಂದು ಸಾಲಿನ ಸಮೇತ, ಹೊರಬೀಳುತ್ತವೆ. ಒಂದೊಂದು ಸಾಲಿಗೂ ಇದು ಯಾರದ್ದು ಅಂತ ಕೇಳಿ ಮೂರರಲ್ಲಿ ಒಂದಕ್ಕೆ ಹಾಕಿ. ಯಾಕೆ ಹಾಕಿದ್ದು ಅಂತ ಗೊತ್ತಾಗದ ಸಾಲನ್ನು ನಾನು ತೆಗೆದೇ ಬಿಡುತ್ತೇನೆ. ಬೇಕಾಗಿದ್ದರೆ ಪ್ರೋಗ್ರಾಮೇ ಕೇಳುತ್ತದೆ.

ಪ್ರತಿ ಸಾಲಿನ ಮೇಲೆ ಕಾರಣವನ್ನು ಕನ್ನಡದಲ್ಲೇ ಬರೆಯುತ್ತೇನೆ. ಹ್ಯಾಷ್ ಗುರುತು ಹಾಕಿದ ಸಾಲನ್ನು ಡಾಸ್‌ಬಾಕ್ಸ್ ಓದುವುದಿಲ್ಲ, ಆದ್ದರಿಂದ ಯಾವ ಲಿಪಿಯಾದರೂ ನಡೆಯುತ್ತದೆ. ಟಿಪ್ಪಣಿ ಬೇರೆ ಸಾಲಿನಲ್ಲೇ ಇರಬೇಕು, ಬೆಲೆಯ ಪಕ್ಕದಲ್ಲಿ ಬೇಡ. ಹಳೇ ನೋಟ್‌ಪ್ಯಾಡ್ ಯುಟಿಎಫ್-8ರಲ್ಲಿ ಉಳಿಸುವಾಗ ಫೈಲಿನ ಮೊದಲಿಗೆ ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುತ್ತದೆ. ಮೊದಲ ಸಾಲೇ ಭಾಗದ ಹೆಸರಾಗಿದ್ದರೆ ಡಾಸ್‌ಬಾಕ್ಸ್‌ಗೆ ಅದು ಗೊತ್ತಾಗುವುದಿಲ್ಲ. ಮೊದಲ ಸಾಲನ್ನು ಟಿಪ್ಪಣಿಗೆ ಬಿಟ್ಟರೆ ಈ ತಾಪತ್ರಯ ಇಲ್ಲ. ಫೋಲ್ಡರಿನ ಹೆಸರು ಮಾತ್ರ ಕನ್ನಡದಲ್ಲಿ ಬೇಡ. ಇಂಗ್ಲಿಷ್ ಅಕ್ಷರ, ಎಂಟರ ಒಳಗೆ, ನಡುವೆ ಜಾಗ ಬಿಡದೆ.

ಇನ್ನು ತೋಟದ ಕೆಲಸ. ಡಾಸ್‌ಬಾಕ್ಸ್ ಮಾಡಿದವರು ಮೊದಲಿಂದಲೂ ಹೇಳುತ್ತಿರೋದು, ಇದು ಆಟಗಳಿಗೆ ಅಂತ. ಅದನ್ನು ಮರೆಯಬಾರದು. ನಾನು ಮೂಲ ಡೇಟಾವನ್ನು ಮೌಂಟ್ ಮಾಡುವುದೇ ಇಲ್ಲ, ನಕಲನ್ನು ಮಾತ್ರ ಮಾಡುತ್ತೇನೆ. ಹೊಸ ಹಾಜರಿ ಬರೆಯೋದಂತೂ ಬೇಡವೇ ಬೇಡ. ವರ್ಷಕ್ಕೆ ಎರಡಂಕಿ ಬರೆದ ಕಾಲದ ಪ್ರೋಗ್ರಾಮ್ ಅದು, 24 ಅಂದರೆ 1924 ಅಂದುಕೊಳ್ಳುತ್ತದೆ. ತೋಟದ ಲೆಕ್ಕ ಬರೆಯುವ ಒಬ್ಬ ರೈಟರ್ ಕೇಳಿದರು, ‘ಎಲ್ಲಾ ಕಾಣ್ತದೆ ಮಾರಾಯ, ಪ್ರಿಂಟ್ ಯಾಕೆ ಬರಲ್ಲ?’ ‘ರೈಟ್ರೇ, ಇದರಲ್ಲಿ ಪ್ರಿಂಟರೇ ಇಲ್ಲ’ ಅಂದೆ. ನಿಜ, 0.74-3ರಲ್ಲಿ ಪ್ರಿಂಟರ್ ಪೋರ್ಟಿನ ವ್ಯವಸ್ಥೆ ಇಲ್ಲ. ಅದಕ್ಕೆ ಚೆಕ್‌ರೋಲನ್ನು ಮಾತ್ರ ಡಾಸ್‌ಬಾಕ್ಸ್-ಎಕ್ಸ್ ಅನ್ನುವ ಅದರ ಕವಲಿನಲ್ಲಿ ಓಡಿಸುತ್ತೇನೆ. ಅದೂ ಹೀಗೇ ಹಲವು ಕಾನ್ಫ್ ಫೈಲು ತೆಗೆದುಕೊಳ್ಳುತ್ತದೆ. ಪ್ರಿಂಟರ್ ಪೋರ್ಟಿಗೆ ಹೋಗುವುದನ್ನು ಫೈಲಿಗೆ ತಿರುಗಿಸುವ ಸಾಲನ್ನು ನಾಲ್ಕನೇ ಕಾನ್ಫ್ ಫೈಲಾಗಿ ಕೊನೆಗೆ ಸೇರಿಸಿದ್ದೇನೆ.

ಬಂದ ಫೈಲು 132 ಅಕ್ಷರ ಅಗಲದ್ದು, ಡಾಟ್ ಮ್ಯಾಟ್ರಿಕ್ಸ್ ಕಾಗದದ ಲೆಕ್ಕ. ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೋಷ್ಟಕದ ಗೆರೆಗಳ ಜಾಗದಲ್ಲಿ ಏನೇನೋ ಅಕ್ಷರ ಕಾಣುತ್ತವೆ, ಯಾಕೆಂದರೆ ಆ ಗೆರೆಗಳು ಡಾಸ್ ಕಾಲದ ಅಕ್ಷರಪಟ್ಟಿಯಾದ ಕೋಡ್‌ಪೇಜ್ 437ರವು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎನ್‌ಕೋಡಿಂಗನ್ನು ಓಇಎಂ-ಯುಎಸ್ ಅಂತ ಬದಲಾಯಿಸಿದರೆ ಗೆರೆಗಳು ಸರಿಯಾಗುತ್ತವೆ. ಕೊರಿಯರ್ ನ್ಯೂ 8 ಪಾಯಿಂಟಿಗೆ ಇಳಿಸಿ, ಎ4 ಕಾಗದ ಅಡ್ಡ ಮಾಡಿದರೆ ಪೂರ್ತಿ ಸಾಲು ಹಿಡಿಯುತ್ತದೆ.