ಫಾರ್ಮ್ಯಾಟ್ ಹೊಡೆಯದೆ ವಿಂಡೋಸ್ 11ಕ್ಕೆ ಹೋಗುವುದು ಹೇಗೆ?

ಹೊಸ ವಿಂಡೋಸ್ ಹಾಕಬೇಕು ಅಂತ ಬಾಯಿಬಿಟ್ಟ ಕೂಡಲೇ ಕಂಪ್ಯೂಟರ್ ಬಲ್ಲವರು ಹೇಳುವುದು ಒಂದೇ ಮಾತು: "ಫಾರ್ಮ್ಯಾಟ್ ಹೊಡೆದುಬಿಡಿ." ಹೇಳುವವರಿಗೇನು, ಒಂದು ಗಂಟೆಯ ಕೆಲಸ. ಆಮೇಲೆ ಪ್ರಿಂಟರ್ ಡ್ರೈವರ್ ಹುಡುಕುವವರು ನಾವು, ಯಾವತ್ತೋ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರಿನ ಕೀ ಯಾವ ಇಮೇಲ್‌ನಲ್ಲಿತ್ತು ಅಂತ ತಡಕಾಡುವವರು ನಾವು, ಮೂರು ವರ್ಷದಿಂದ ಕೈಗೆ ಒಗ್ಗಿದ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಕೂರುವವರೂ ನಾವೇ.

ಅದರ ಅಗತ್ಯ ಹೆಚ್ಚಿನವರಿಗೆ ಇಲ್ಲ. ಹೊಸದಾಗಿ ಹಾಕುವುದು ಬೇರೆ, ಅಪ್‌ಗ್ರೇಡ್ ಮಾಡುವುದು ಬೇರೆ. ಅಪ್‌ಗ್ರೇಡ್ ಅಂದರೆ ಸಾಮಾನೆಲ್ಲ ಮನೆಯೊಳಗೇ ಇರುವಾಗ ಹೆಂಚು ತೆಗೆದು ತಾರಸಿ ಹಾಕಿಸಿದ ಹಾಗೆ. ಪ್ರೋಗ್ರಾಂಗಳು, ಫೈಲ್‌ಗಳು, ಲಾಗಿನ್ ಎಲ್ಲ ಇದ್ದಲ್ಲೇ ಇರುತ್ತವೆ, ಕೆಳಗಿನ ವಿಂಡೋಸ್ ಮಾತ್ರ ಬದಲಾಗುತ್ತದೆ. ಆದರೆ ಕೆಲಸ ನಡೆಯುವಾಗ ಮಳೆ ಬಂದರೆ? ಅದಕ್ಕೇ ಈ ಲೇಖನದ ಅರ್ಧ ಭಾಗ ಅಪ್‌ಗ್ರೇಡಿಗೆ ಮೊದಲಿನ ಕೆಲಸದ ಬಗ್ಗೆಯೇ ಇದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವತ್ತೇ ಕಂಪ್ಯೂಟರ್‌ಗಳು ನಿಂತುಹೋಗಲಿಲ್ಲ, ಈಗಲೂ ಓಡುತ್ತವೆ. ಆದರೆ ಸೆಕ್ಯುರಿಟಿ ಅಪ್‌ಡೇಟ್‌ಗಳು ತಾವಾಗಿ ಬರುವುದು ನಿಂತಿದೆ. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಅವನ್ನು ಕೊಡುವುದಾಗಿ ಕಂಪನಿ ಹೇಳಿತ್ತು. ಅದು ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ.

ನಿಮ್ಮ ಕಂಪ್ಯೂಟರ್‌ಗೆ ಆಗುತ್ತದಾ?

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನುವ ಚಿಕ್ಕ ಪ್ರೋಗ್ರಾಂ ಇಳಿಸಿಕೊಂಡು ಓಡಿಸಿ. ಆಗುತ್ತದೋ ಇಲ್ಲವೋ, ಇಲ್ಲವಾದರೆ ಯಾಕೆ ಅಂತ ಅದೇ ಹೇಳುತ್ತದೆ. ಬೇಕಾಗಿರುವುದು 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ 64 ಬಿಟ್ ಪ್ರೊಸೆಸರ್, ಸೆಕ್ಯೂರ್ ಬೂಟ್ ಸೌಲಭ್ಯ (ಕಂಪ್ಯೂಟರ್ ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡುವಂತೆ ನೋಡಿಕೊಳ್ಳುವುದು), ಟಿಪಿಎಂ 2.0 (ಕೀಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಸೆಕ್ಯುರಿಟಿ ಚಿಪ್). ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಮತ್ತು ಆಮೇಲಿನವು ನಡೆಯುತ್ತವೆ.

ತುಂಬಾ ಜನ ಎಡವುವುದು ಟಿಪಿಎಂ ಹತ್ತಿರ. "ಟಿಪಿಎಂ ಇಲ್ಲ" ಅಂತ ಬಂದ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ, ಮದರ್‌ಬೋರ್ಡಿನ ಸೆಟ್ಟಿಂಗ್‌ಗಳ ಪರದೆ) ಆಫ್ ಆಗಿರುತ್ತದೆ ಅಷ್ಟೆ. ಬಯಾಸ್ ಒಳಗೆ ಅದಕ್ಕೆ ಟಿಪಿಎಂ ಅಂತಲೇ ಹೆಸರಿರಬೇಕು ಅಂತಿಲ್ಲ. ಇಂಟೆಲ್ ಮದರ್‌ಬೋರ್ಡ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಇರುತ್ತದೆ. ಅದನ್ನು ಆನ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ, ಆದರೆ ಬಯಾಸ್ ಮುಟ್ಟುವ ಮೊದಲು ಕೆಳಗಿನ "48 ಅಂಕಿಯ ಸಂಖ್ಯೆ" ಭಾಗ ಓದಿಕೊಳ್ಳಿ.

ಸೆಕ್ಯೂರ್ ಬೂಟ್ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ಕಂಪ್ಯೂಟರ್ ಶುರುವಾಗುವ ಹಳೇ ವಿಧಾನವಾದ ಲೆಗಸಿ ಮೋಡ್‌ನಲ್ಲಿ ವಿಂಡೋಸ್ ಹಾಕಿದ್ದರೆ ಡಿಸ್ಕಿನ ವಿಭಾಗಗಳ ಪಟ್ಟಿ ಎಂಬಿಆರ್ ಅನ್ನುವ ಹಳೇ ಶೈಲಿಯಲ್ಲಿರುತ್ತದೆ. ಬಯಾಸನ್ನು ಸುಮ್ನೆ ಹೊಸ ವಿಧಾನವಾದ ಯುಇಎಫ್‌ಐಗೆ ಬದಲಾಯಿಸಿಬಿಟ್ಟರೆ ವಿಂಡೋಸ್ ಮೇಲೇಳುವುದೇ ಇಲ್ಲ. ಮೊದಲು ಡಿಸ್ಕನ್ನು ಜಿಪಿಟಿ ಅನ್ನುವ ಹೊಸ ಶೈಲಿಗೆ ಪರಿವರ್ತಿಸಬೇಕು. ಡೇಟಾ ಅಳಿಸದೆ ಈ ಕೆಲಸ ಮಾಡುವ ಒಂದು ಕಮಾಂಡ್ ವಿಂಡೋಸ್ 10ರ ಜೊತೆಗೇ ಬರುತ್ತದೆ. ಆದರೂ ಬ್ಯಾಕಪ್ ತೆಗೆಯುವ ಮೊದಲು ಅದಕ್ಕೆ ಕೈ ಹಾಕಬೇಡಿ.

ಪ್ರೊಸೆಸರೇ ಪಟ್ಟಿಯಲ್ಲಿ ಇಲ್ಲವಾ? ಪರೀಕ್ಷೆಯನ್ನು ಯಾಮಾರಿಸಿ ಹಾಕುವ ದಾರಿಗಳನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಆಗುತ್ತದೆ, ನಿಜ. ಆದರೆ ಹಾಗೆ ಹಾಕಿದ ಮೆಷಿನ್‌ಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ಆಟಕ್ಕೆ ಇಟ್ಟುಕೊಂಡ ಹಳೇ ಲ್ಯಾಪ್‌ಟಾಪ್ ಆದರೆ ಮಾಡಿ ನೋಡಿ. ದಿನದ ಕೆಲಸದ ಕಂಪ್ಯೂಟರ್‌ಗೆ ನಾನಂತೂ ಮಾಡಲ್ಲ. ಇನ್ನು ಈಗಿರುವುದು 32 ಬಿಟ್ ವಿಂಡೋಸ್ 10 ಆದರೆ ಪ್ರೋಗ್ರಾಂ ಉಳಿಸಿಕೊಂಡು ಹೋಗುವ ದಾರಿಯೇ ಇಲ್ಲ, ಹೊಸದಾಗಿಯೇ ಹಾಕಬೇಕು.

ಬ್ಯಾಕಪ್ ಅಂದರೆ ಎರಡು ಥರ

"ನನ್ನ ಫೈಲೆಲ್ಲ ಒನ್‌ಡ್ರೈವ್‌ನಲ್ಲಿದೆ" ಅನ್ನುವವರಿಗೆ ಒಂದು ಮಾತು. ಒನ್‌ಡ್ರೈವ್ ಅಂದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಜಾಗ, ಅದು ಫೈಲನ್ನು ಎರಡೂ ಕಡೆ ಒಂದೇ ಥರ ಇಡುತ್ತದೆ, ಅಂದರೆ ಸಿಂಕ್ ಮಾಡುತ್ತದೆ. ಸಿಂಕ್ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅಲ್ಲಿ ಕೆಟ್ಟರೆ ಇಲ್ಲೂ ಕೆಡುತ್ತದೆ. ಬೇರೆಯೇ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಬೇಕು.

ಅದರಲ್ಲಿ ಮೊದಲು ನಿಮ್ಮ ಫೈಲ್‌ಗಳ ಸಾದಾ ಪ್ರತಿ ಇಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಉಳಿದವನ್ನು. ಸಿ ಡ್ರೈವ್‌ನ ಬುಡದಲ್ಲೇ ಯಾವುದೋ ಅಕೌಂಟಿಂಗ್ ಸಾಫ್ಟ್‌ವೇರ್ ಮಾಡಿಕೊಂಡ ಫೋಲ್ಡರ್, ಔಟ್‌ಲುಕ್‌ನ ಮೇಲ್ ಫೈಲ್, ನೀವೇ ಹಾಕಿಕೊಂಡ ಫಾಂಟ್‌ಗಳು, ಬ್ರೌಸರ್‌ನ ಬುಕ್‌ಮಾರ್ಕ್‌ಗಳು. ನಿಮ್ಮ ಹೆಸರಿನ ಯೂಸರ್ ಫೋಲ್ಡರ್ ಒಳಗೆ ಆಪ್‌ಡೇಟಾ ಅಂತ ಒಂದು ಅಡಗಿದ ಫೋಲ್ಡರ್ ಇದೆ, ಪ್ರೋಗ್ರಾಂಗಳ ಸೆಟ್ಟಿಂಗ್‌ಗಳು ಹೆಚ್ಚಾಗಿ ಕೂತಿರುವುದು ಅಲ್ಲೇ. ಅದನ್ನೂ ಒಂದು ಪ್ರತಿ ಮಾಡಿಕೊಳ್ಳಿ, ಜಾಗ ಸ್ವಲ್ಪ ಜಾಸ್ತಿ ಹೋದರೂ ಪರವಾಗಿಲ್ಲ.

ಎರಡನೆಯದು ಸಿಸ್ಟಂ ಇಮೇಜ್. ಇದು ಇಡೀ ಸಿ ಡ್ರೈವ್‌ನ ಪಡಿಯಚ್ಚು. ವಿಂಡೋಸ್, ಪ್ರೋಗ್ರಾಂ, ಸೆಟ್ಟಿಂಗ್ ಎಲ್ಲ ಇವತ್ತು ಹೇಗಿದೆಯೋ ಹಾಗೆ. ಫೈಲ್ ಪ್ರತಿ ಮಾಡಿದರೆ ಫೈಲ್ ಮಾತ್ರ ಉಳಿಯುತ್ತದೆ. ಇಮೇಜ್ ಇದ್ದರೆ ಅಪ್‌ಗ್ರೇಡ್ ಪೂರ್ತಿ ಕೆಟ್ಟುಹೋದರೂ ನಿನ್ನೆಯ ಕಂಪ್ಯೂಟರನ್ನೇ ವಾಪಸ್ ತರಬಹುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಬ್ಯಾಕಪ್ ಅಂಡ್ ರಿಸ್ಟೋರ್" ತೆರೆಯಿರಿ, ಅದರ ಹೆಸರಿನ ಪಕ್ಕ ಈಗಲೂ "ವಿಂಡೋಸ್ 7" ಅಂತಲೇ ಇರುತ್ತದೆ, ಗಾಬರಿ ಬೇಡ. ಎಡಗಡೆ "ಕ್ರಿಯೇಟ್ ಎ ಸಿಸ್ಟಂ ಇಮೇಜ್" ಒತ್ತಿ ಎಕ್ಸ್‌ಟರ್ನಲ್ ಡಿಸ್ಕ್ ಆರಿಸಿ. ಆ ಇಮೇಜ್ ವಾಪಸ್ ಹಾಕಲು ಬೂಟ್ ಆಗುವ ಪೆನ್‌ಡ್ರೈವ್ ಒಂದು ಬೇಕು, ಈಗಲೇ ಒಂದು ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳಿ. ಅದನ್ನು ಮಾಡುವಾಗ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ, ಖಾಲಿಯದೇ ತಗೊಳ್ಳಿ.

ಎಲ್ಲ ಆದ ಮೇಲೆ ಬ್ಯಾಕಪ್‌ನಿಂದ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದವಾ? ಸರಿ, ಡಿಸ್ಕನ್ನು ಕಿತ್ತು ಪಕ್ಕಕ್ಕಿಡಿ. ಅಪ್‌ಗ್ರೇಡ್ ನಡೆಯುವಾಗ ಅದು ಕಂಪ್ಯೂಟರ್‌ಗೆ ಚುಚ್ಚಿಕೊಂಡಿರಬಾರದು.

48 ಅಂಕಿಯ ಸಂಖ್ಯೆ

ಇದೊಂದನ್ನು ಬಿಟ್ಟವರು ಆಮೇಲೆ ಪಡುವ ಪಾಡು ದೊಡ್ಡದು, ಹಾಗಾಗಿ ಬೇರೆಯಾಗಿಯೇ ಹೇಳುತ್ತೇನೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬೀಗ ಹಾಕಿಕೊಂಡೇ ಬಂದಿರುತ್ತದೆ. ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್, ಹೋಮ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಂತ ಹೆಸರು. ನೀವಾಗಿ ಆನ್ ಮಾಡಿರಬೇಕು ಅಂತೇನಿಲ್ಲ. ಬಯಾಸ್‌ನಲ್ಲಿ ಏನಾದರೂ ಬದಲಾಯಿಸಿದರೆ, ಅಪ್‌ಗ್ರೇಡ್ ನಡುವೆ ಏನಾದರೂ ಎಡವಟ್ಟಾದರೆ, ನೀಲಿ ಪರದೆಯೊಂದು ಎದುರಾಗಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿರುವ ಡೇಟಾ ಯಾರ ಕೈಗೂ ಸಿಗುವುದಿಲ್ಲ, ನಿಮಗೂ ಸಹ.

ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗುವವರ ಕೀ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಉಳಿದಿರುತ್ತದೆ. ಬೇರೆ ಫೋನ್‌ನಿಂದ ಒಳಹೊಕ್ಕು ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಹೌದು, ಕಾಗದದ ಮೇಲೇ. ಅದೇ ಕಂಪ್ಯೂಟರ್‌ನಲ್ಲಿ ನೋಟ್‌ಪ್ಯಾಡ್ ಫೈಲ್ ಮಾಡಿಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಯಿತು. ಬಯಾಸ್ ಮುಟ್ಟುವುದಿದ್ದರೆ ಅದಕ್ಕೂ ಮೊದಲೇ ಈ ಕೆಲಸ ಆಗಬೇಕು. ಪ್ರೊ ಇದ್ದವರು ಬಿಟ್‌ಲಾಕರನ್ನು "ಸಸ್ಪೆಂಡ್" ಮಾಡಿಡಿ, ಪೂರ್ತಿ ಆಫ್ ಮಾಡಬೇಕಾಗಿಲ್ಲ.

ಶುರು ಮಾಡುವ ಮುಂಚೆ

ಈಗಿನ ವಿಂಡೋಸ್‌ಗೆ ಬಾಕಿ ಇರುವ ಅಪ್‌ಡೇಟೆಲ್ಲ ಹಾಕಿ ಒಮ್ಮೆ ರಿಸ್ಟಾರ್ಟ್ ಮಾಡಿ. ಸಿ ಡ್ರೈವ್‌ನಲ್ಲಿ ಒಂದು 30 ಜಿಬಿ ಖಾಲಿ ಜಾಗ ಇರಲಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ, ಬರೀ ಆಫ್ ಮಾಡಿದರೆ ಅದರ ಡ್ರೈವರ್‌ಗಳು ಒಳಗೇ ಕೂತಿರುತ್ತವೆ. ಅಷ್ಟು ಹೊತ್ತು ವಿಂಡೋಸ್‌ನದೇ ಡಿಫೆಂಡರ್ ಕಾವಲಿಗೆ ನಿಲ್ಲುತ್ತದೆ. ವಿಪಿಎನ್ ಇದ್ದರೆ ಅದಕ್ಕೂ ಇದೇ ಮಾತು. ವೈಫೈ ಡ್ರೈವರನ್ನು ತಯಾರಕರ ಸೈಟ್‌ನಿಂದ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡಿ, ಇಂಟರ್ನೆಟ್ಟೇ ಬರದಿದ್ದಾಗ ಇಂಟರ್ನೆಟ್ ಡ್ರೈವರ್ ಎಲ್ಲಿಂದ ಇಳಿಸುತ್ತೀರಿ ಅಲ್ವಾ? ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಯುಎಸ್‌ಬಿ ಎಲ್ಲ ಕೀಳಿ. ಚಾರ್ಜರ್ ಹಾಕಿ.

ಈಗ ನಿಜವಾದ ಕೆಲಸ

ಇದಕ್ಕೆ ಮೂರು ದಾರಿ ಇದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ "ಅಪ್‌ಗ್ರೇಡ್ ಟು ವಿಂಡೋಸ್ 11" ಬಂದಿದ್ದರೆ ಅದನ್ನೇ ಒತ್ತಿ, ಅದು ಎಲ್ಲವನ್ನೂ ಉಳಿಸಿಕೊಂಡೇ ಹೋಗುತ್ತದೆ. ಬಂದಿಲ್ಲವಾ, ಮೈಕ್ರೋಸಾಫ್ಟ್ ಸೈಟ್‌ನಿಂದ ಇನ್‌ಸ್ಟಾಲೇಷನ್ ಅಸಿಸ್ಟೆಂಟ್ ಇಳಿಸಿ. ಇವೆರಡೂ ಕೈಕೊಟ್ಟಾಗ ಐಎಸ್‌ಒ ಫೈಲ್, ಅಂದರೆ ವಿಂಡೋಸ್ ಹಾಕಲು ಬೇಕಾದದ್ದೆಲ್ಲ ಒಂದರಲ್ಲೇ ಇರುವ ದೊಡ್ಡ ಫೈಲ್.

ಐಎಸ್‌ಒ ದಾರಿ ಹಿಡಿಯುವವರು ಒಂದು ನೆನಪಿಡಿ. ವಿಂಡೋಸ್ 10 ಓಡುತ್ತಿರುವಾಗಲೇ ಆ ಫೈಲನ್ನು ಡಬಲ್ ಕ್ಲಿಕ್ ಮಾಡಿ, ಅದು ಒಂದು ಡ್ರೈವ್ ಥರ ತೆರೆದುಕೊಳ್ಳುತ್ತದೆ, ಅದರೊಳಗಿನ "ಸೆಟಪ್" ಓಡಿಸಿ. ಪೆನ್‌ಡ್ರೈವ್‌ಗೆ ಹಾಕಿ, ಕಂಪ್ಯೂಟರ್ ಆಫ್ ಮಾಡಿ, ಅದರಿಂದ ಬೂಟ್ ಮಾಡಿದರೆ ಪ್ರೋಗ್ರಾಂ ಉಳಿಸಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಫೈಲ್ ಅದೇ, ಶುರು ಮಾಡಿದ ಜಾಗ ಬೇರೆ, ಅಷ್ಟಕ್ಕೇ ಎಲ್ಲ ಬದಲಾಗುತ್ತದೆ.

ಲೈಸೆನ್ಸ್ ಷರತ್ತು ಒಪ್ಪಿದ ಮೇಲೆ "ರೆಡಿ ಟು ಇನ್‌ಸ್ಟಾಲ್" ಅಂತ ಒಂದು ಪರದೆ ಬರುತ್ತದೆ. ಇಲ್ಲಿ ಕೈ ಮೌಸ್‌ನಿಂದ ತೆಗೆದು ನಿಧಾನಕ್ಕೆ ಓದಿ. ಎರಡು ಸಾಲು, ಎರಡಕ್ಕೂ ಮುಂದೆ ಟಿಕ್ ಗುರುತು. ಒಂದರಲ್ಲಿ ಯಾವ ವಿಂಡೋಸ್ ಅಂತ ಇರುತ್ತದೆ, ಇನ್ನೊಂದರಲ್ಲಿ "ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆಪ್ಸ್" ಅಂತ ಇರಬೇಕು. "ಆಪ್ಸ್" ಅನ್ನುವ ಪದ ಕಾಣದೆ ಬರೀ "ಪರ್ಸನಲ್ ಫೈಲ್ಸ್" ಅಂತಿದ್ದರೆ ಅಥವಾ "ನಥಿಂಗ್" ಅಂತಿದ್ದರೆ ಮುಂದೆ ಹೋಗಬೇಡಿ. ಕೆಳಗೆ "ಚೇಂಜ್ ವಾಟ್ ಟು ಕೀಪ್" ಲಿಂಕ್ ಇದೆ, ಅದರಲ್ಲಿ ಮೊದಲ ಆಯ್ಕೆ ಒತ್ತಿ.

ಆ ಮೊದಲ ಆಯ್ಕೆ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬರದಿದ್ದರೆ? ನನಗೇ ಆಗಿತ್ತು. ಒಂದು ರಾತ್ರಿಯೆಲ್ಲ ಇಳಿಸಿದ ಐಎಸ್‌ಒ, ಬೆಳಿಗ್ಗೆ ಕೂತು ನೋಡಿದರೆ ಆ ಸಾಲು ಸತ್ತು ಬಿದ್ದಿದೆ. ಫೈಲೇ ಕೆಟ್ಟಿದೆ ಅಂದುಕೊಂಡು ಅದನ್ನೇ ಮತ್ತೊಮ್ಮೆ ಇಳಿಸಿದೆ, ಮತ್ತೆ ಅದೇ ಕಥೆ. ಕೊನೆಗೆ ಗೊತ್ತಾಯಿತು, ನನ್ನ ಕಂಪ್ಯೂಟರ್‌ನಲ್ಲಿ ಇದ್ದದ್ದು ಬ್ರಿಟಿಷ್ ಇಂಗ್ಲಿಷಿನ ವಿಂಡೋಸ್, ನಾನು ಎರಡೂ ಸಲ ಇಳಿಸಿದ್ದು ಅಮೆರಿಕದ ಇಂಗ್ಲಿಷಿನದು. ಇಳಿಸುವ ಪುಟದಲ್ಲಿ "ಇಂಗ್ಲಿಷ್ ಇಂಟರ್‌ನ್ಯಾಷನಲ್" ಅಂತ ಬೇರೆಯೇ ಆಯ್ಕೆ ಇತ್ತು, ನಾನು ಕಣ್ಣು ಹಾಯಿಸಿರಲಿಲ್ಲ. ನಮಗೆ ಎರಡೂ ಇಂಗ್ಲಿಷೇ, ಸೆಟಪ್‌ಗೆ ಅಲ್ಲ. ಭಾಷೆ ಹೊಂದಬೇಕು, ಆವೃತ್ತಿಯೂ ಹೊಂದಬೇಕು: ಹೋಮ್‌ಗೆ ಹೋಮ್, ಪ್ರೊಗೆ ಪ್ರೊ.

ಎಲ್ಲ ಸರಿ ಇದ್ದರೆ "ಇನ್‌ಸ್ಟಾಲ್" ಒತ್ತಿ ಎದ್ದುಹೋಗಿ. ಕಂಪ್ಯೂಟರ್ ಹಲವು ಸಲ ತಾನೇ ರಿಸ್ಟಾರ್ಟ್ ಆಗುತ್ತದೆ, ಶೇಕಡಾ ಸಂಖ್ಯೆ ಒಂದೇ ಕಡೆ ಬಹಳ ಹೊತ್ತು ನಿಂತಿರುತ್ತದೆ, ಹ್ಯಾಂಗ್ ಆಯಿತೇನೋ ಅಂತ ಪವರ್ ಬಟನ್ ಕಡೆ ಕೈ ಹೋಗುತ್ತದೆ. ಒತ್ತಬೇಡಿ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ಗಂಟೆಗಟ್ಟಲೆ ಹಿಡಿಯಬಹುದು. ಪ್ರಾಡಕ್ಟ್ ಕೀ ಸಾಮಾನ್ಯವಾಗಿ ಕೇಳುವುದಿಲ್ಲ, ವಿಂಡೋಸ್ 10ರ ಲೈಸೆನ್ಸೇ ಮುಂದುವರಿಯುತ್ತದೆ.

ನಡುವೆ ಕೈಕೊಟ್ಟರೆ ಅದು ತಾನೇ ಹಿಂದಕ್ಕೆ ಹೋಗಿ ವಿಂಡೋಸ್ 10ನ್ನು ಮತ್ತೆ ನಿಲ್ಲಿಸುವುದೇ ಹೆಚ್ಚು, ಜೊತೆಗೆ ಒಂದು ಕೋಡ್ ತೋರಿಸುತ್ತದೆ. ಕೋಡ್‌ನಲ್ಲಿ 1900101 ಕಂಡರೆ ಸಾಮಾನ್ಯವಾಗಿ ಡ್ರೈವರ್ ತಂಟೆ, 1900208 ಕಂಡರೆ ಯಾವುದೋ ಪ್ರೋಗ್ರಾಂ ಹೊಂದುತ್ತಿಲ್ಲ ಅಂತ ಅರ್ಥ. ಅದನ್ನು ಸರಿಮಾಡಿ, ಇಲ್ಲವೇ ತೆಗೆದು, ಮತ್ತೆ ಓಡಿಸಿ.

ಹತ್ತು ದಿನದ ಗಡುವು

ಸೆಟ್ಟಿಂಗ್ ಒಂದೂ ಬದಲಾಗುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಸ್ಟಾರ್ಟ್ ಮೆನುವಿನ ಲೈವ್ ಟೈಲ್‌ಗಳು ಹೋಗುತ್ತವೆ. ಟಾಸ್ಕ್‌ಬಾರ್ ಐಕಾನ್‌ಗಳು ನಡುವಿಗೆ ಬಂದು ಕೂರುತ್ತವೆ, ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಕಳಿಸಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವರ್ಡ್‌ಪ್ಯಾಡ್ ಇಲ್ಲ. ಇಂಥವನ್ನು ಬಿಟ್ಟು, ನೀವು ದಿನಾ ಬಳಸುವ ಪ್ರೋಗ್ರಾಂ ಒಂದೊಂದನ್ನೂ ತೆರೆದು ನೋಡಿ. ಒಂದು ಪುಟ ಪ್ರಿಂಟ್ ಕೊಡಿ. ಮೈಕು, ಕ್ಯಾಮೆರಾ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡರೆ ಆ ಡ್ರೈವರ್ ಹೊಸದಾಗಿ ಹಾಕಿ. ಬಿಟ್‌ಲಾಕರ್ ಸಸ್ಪೆಂಡ್ ಮಾಡಿದ್ದರೆ ಮತ್ತೆ ಶುರು ಮಾಡುವುದನ್ನು ಮರೆಯಬೇಡಿ.

ಈ ಪರೀಕ್ಷೆಯೆಲ್ಲ ಬೇಗ ಮುಗಿಸಬೇಕು, ಯಾಕೆಂದರೆ ವಾಪಸ್ ಹೋಗಲು ಇರುವುದು 10 ದಿನ. ಹಳೆಯ ವಿಂಡೋಸ್ ಸಿ ಡ್ರೈವ್‌ನಲ್ಲಿ "ವಿಂಡೋಸ್ ಡಾಟ್ ಓಲ್ಡ್" ಅನ್ನುವ ಫೋಲ್ಡರ್‌ನಲ್ಲಿ ಕಾಯುತ್ತಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಲ್ಲಿ "ಗೋ ಬ್ಯಾಕ್" ಒತ್ತಿದರೆ ವಿಂಡೋಸ್ 10 ವಾಪಸ್. ನಿಮ್ಮ ಫೈಲ್ ಉಳಿಯುತ್ತವೆ, ಅಪ್‌ಗ್ರೇಡ್ ಆದ ಮೇಲೆ ಹಾಕಿದ ಪ್ರೋಗ್ರಾಂಗಳು ಮಾತ್ರ ಹೋಗುತ್ತವೆ. ಜಾಗ ಸಾಲದು ಅಂತ ಡಿಸ್ಕ್ ಕ್ಲೀನಪ್‌ನಲ್ಲಿ "ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್ಸ್" ಅಳಿಸಿದಿರೋ, ಆ ದಾರಿ ಅಲ್ಲಿಗೆ ಮುಚ್ಚಿತು. 10 ದಿನ ಆದ ಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ. ಹತ್ತು ದಿನ ಸಾಲದು ಅನ್ನಿಸಿದರೆ ಗಡುವು ಮುಗಿಯುವ ಮೊದಲೇ ವಿಂಡೋಸ್‌ನಲ್ಲೇ ಇರುವ ಡಿಸ್ಮ್ (DISM) ಕಮಾಂಡ್‌ನಿಂದ ಅದನ್ನು 60 ದಿನದವರೆಗೂ ಎಳೆಯಬಹುದು. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವ ಇಮೇಜನ್ನಂತೂ ಒಂದೆರಡು ತಿಂಗಳು ಮುಟ್ಟಬೇಡಿ. ತಿಂಗಳಿಗೊಮ್ಮೆ ಮಾತ್ರ ತೆರೆಯುವ ಪ್ರೋಗ್ರಾಂ ಸರಿಯಿದೆಯೋ ಇಲ್ಲವೋ ಗೊತ್ತಾಗುವುದೇ ಆಗ.