ಬಾಕ್ಸಿಗೆ ಬಾರದ ಹಣ್ಣು

ಕೆಲಸದ ಅರ್ಜಿಗೆ ನನ್ನ ಪ್ರಕಟಣೆಗಳ ಪಟ್ಟಿ ಮಾಡಲು ಕೂತಾಗ ಮೊದಲು ಕಾಡಿದ್ದು ನನ್ನ ಹೆಸರೇ. ಒಂದು ಲೇಖನದಲ್ಲಿ ಊರಿನ ಇನಿಷಿಯಲ್ ಇದೆ. ಇನ್ನೊಂದರಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಮೂರನೆಯದರಲ್ಲಿ ಅಪ್ಪನ ಹೆಸರೇ ಮುಖ್ಯವಾಗಿ, ನಾನು ಬರೀ ಒಂದು ಅಕ್ಷರ. ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ನಾನು ಮೂರು ಜನ! ಯಾರದೋ ರೇಷ್ಮೆ ಹುಳುವಿನ ಲೇಖನವೂ ನನ್ನ ಖಾತೆಗೆ ಸೇರಿತ್ತು. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಮಾಡಿಕೊಂಡು ಎಲ್ಲವನ್ನೂ ಒಂದೆಡೆ ತರಲು ಒಂದು ಭಾನುವಾರ ಪೂರ್ತಿ ಹೋಯಿತು. ಇನಿಷಿಯಲ್ ಇರುವವರು ಮೊದಲ ಲೇಖನ ಕಳಿಸುವ ಮುಂಚೆಯೇ ಇದನ್ನು ಮಾಡಿಕೊಳ್ಳಿ.

ನಾನು ಕೋಲಾರದವಳು. ಓದಿದ್ದು ಮನೋವಿಜ್ಞಾನ. ಎಂಬಿಬಿಎಸ್‌ಗೆ ಯಾರನ್ನು ಆರಿಸಬೇಕು ಅನ್ನುವುದು ನಾನು ಹಿಡಿದ ವಿಷಯ. ನಮ್ಮಲ್ಲಿ ಅದನ್ನು ನೀಟ್ ತೀರ್ಮಾನಿಸುತ್ತದೆ. 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರ. ರೋಗಿಯ ಹತ್ತಿರ ಹೇಗೆ ಮಾತಾಡುತ್ತಾರೆ ಅನ್ನುವುದಕ್ಕೆ ಒಂದು ಅಂಕವೂ ಇಲ್ಲ.

ಮೊದಲು ನಾನು ಮಾಡಿದ್ದು ಸುಲಭದ ಕೆಲಸ. ಒಂದು ಕಾಲೇಜಿನ ವಿದ್ಯಾರ್ಥಿಗಳ ನೀಟ್ ಅಂಕವನ್ನೂ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಸಂಬಂಧ ತೀರಾ ಸಣ್ಣದು. ನೀಟ್‌ನಿಂದ ಏನೂ ಗೊತ್ತಾಗುವುದಿಲ್ಲ ಅಂತ ಜೋರಾಗಿ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿಬಿಟ್ಟೆ. ವಾಪಸ್ ಬಂತು. ಪರಿಶೀಲಿಸಿದವರು ಕೇಳಿದ್ದು ಒಂದೇ: ಸೀಟು ಸಿಗದವರು ಎಲ್ಲಿ?

ಆ ಮಾತು ನನ್ನ ತಲೆಗೆ ಹತ್ತಿದ್ದು ಎಪಿಎಂಸಿಯಲ್ಲಿ. ಸೋದರಮಾವನದು ಅಲ್ಲಿ ಟೊಮೆಟೊ ಮಂಡಿ. ನನ್ನ ಗೋಳು ಕೇಳಿ ಅವರು ಹರಾಜಿಗೆ ಇಟ್ಟಿದ್ದ 15 ಕೆ.ಜಿ. ಬಾಕ್ಸ್ ತೋರಿಸಿದರು. "ತೋಟದಲ್ಲೇ ಒಂದೇ ಸೈಜು ಆರಿಸಿ ತುಂಬವ್ರೆ. ಈ ಬಾಕ್ಸ್ ನೋಡಿಕೊಂಡು ಸೈಜಿಗೂ ಬಾಳಿಕೆಗೂ ಏನು ಸಂಬಂಧ ಅಂದ್ರೆ ಹೆಂಗಮ್ಮಾ ಗೊತ್ತಾಗ್ತದೆ? ಬಿಟ್ಟು ಬಂದಿರೋದನ್ನೂ ನೋಡಬೇಕಲ್ವಾ?"

ಅಷ್ಟೇ ವಿಷಯ. ಒಂದೇ ಕಾಲೇಜಿಗೆ ಹತ್ತಿರಹತ್ತಿರದ ರ‍್ಯಾಂಕಿನವರೇ ಬಂದಾಗ ಅಂಕಗಳ ಅಂತರ ಕುಗ್ಗುತ್ತದೆ. ಅಂತರ ಕುಗ್ಗಿದರೆ ಸಂಬಂಧವೂ ಸಣ್ಣದಾಗಿ ಕಾಣುತ್ತದೆ. ತಿದ್ದುವ ಸೂತ್ರಗಳಿವೆ. ಆದರೆ ಅವಕ್ಕೆ ಪರೀಕ್ಷೆ ಬರೆದ ಎಲ್ಲರ ಅಂಕ ಎಷ್ಟು ಹರಡಿದೆ ಅಂತ ಗೊತ್ತಿರಬೇಕು. ಖಾಸಗಿ ಕಾಲೇಜಿನಲ್ಲಿ ಎನ್ಆರ್‌ಐ ಸೀಟಿನವರೂ ಸೇರಿ ಅಂತರ ದೊಡ್ಡದಾಗುತ್ತದೆ, ನಿಜ. ಆದರೆ ಅಲ್ಲಿ ಅಂಕದ ಜೊತೆಗೆ ಮನೆಯ ದುಡ್ಡೂ ಬದಲಾಗಿರುತ್ತದೆ. ಯಾವುದರ ಪರಿಣಾಮ ಯಾವುದು ಅಂತ ಬಿಡಿಸುವುದು ಕಷ್ಟ.

ಬಿಟ್ಟುಬಂದ ಹಣ್ಣನ್ನೂ ನೋಡುವ ಅವಕಾಶ ಒಮ್ಮೆ ಅಮೆರಿಕದಲ್ಲಿ ಸಿಕ್ಕಿತ್ತು. 1979ರಲ್ಲಿ ಹ್ಯೂಸ್ಟನ್‌ನ ವೈದ್ಯಕೀಯ ಕಾಲೇಜು ಆಯ್ಕೆ ಮುಗಿಸಿದ ಮೇಲೆ, ಇನ್ನೂ 50 ಜನರನ್ನು ತೆಗೆದುಕೊಳ್ಳಿ ಅಂತ ಟೆಕ್ಸಾಸ್ ಶಾಸನಸಭೆ ಹೇಳಿತು. ಉಳಿದಿದ್ದವರು ಸಂದರ್ಶನದಲ್ಲಿ ಕೆಳಗೆ ಬಿದ್ದವರೇ. ಮುಂದೆ ಓದಿನಲ್ಲಾಗಲಿ, ಆಸ್ಪತ್ರೆ ಕೆಲಸದಲ್ಲಾಗಲಿ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. 1987ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಇದು ಬಂತು. ಸಂದರ್ಶನದ ಮೇಲೆ ನನಗಿದ್ದ ಭಕ್ತಿ ಇದನ್ನು ಓದಿ ಇಳಿಯಿತು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಬೇರೆ ದಾರಿ ಹುಡುಕಿದರು. ಒಂದು ಉದ್ದ ಸಂದರ್ಶನದ ಬದಲು ಹತ್ತು ಕೋಣೆ, ಒಂದೊಂದರಲ್ಲಿ 8 ನಿಮಿಷ, ಗಂಟೆ ಹೊಡೆದರೆ ಮುಂದಕ್ಕೆ. ಒಬ್ಬರಿಗೆ ಮುಖ ಹಿಡಿಸದಿದ್ದರೂ ಉಳಿದ ಒಂಬತ್ತು ಜನ ಇದ್ದಾರೆ. ಕೆವಿನ್ ಈವಾ ಮತ್ತು ಜೊತೆಯವರು 2004ರಲ್ಲಿ ಇದನ್ನು ಪ್ರಕಟಿಸಿದರು.

ನಮ್ಮಲ್ಲಿ ಇದರಿಂದ ಸೀಟು ಕೊಡುವ ಹಾಗಿಲ್ಲ. ಹಾಗಾಗಿ ಈಗಾಗಲೇ ಸೇರಿದ್ದ, ಒಪ್ಪಿಕೊಂಡ ವಿದ್ಯಾರ್ಥಿಗಳ ಜೊತೆ ಆರು ಕೋಣೆ ಮಾಡಿ ನೋಡಿದೆ. ಯಾರ ಅಂಕವೂ ಕಾಲೇಜಿಗೆ ಹೋಗುವುದಿಲ್ಲ ಅಂತ ಬರೆದುಕೊಟ್ಟ ಮೇಲೆ ಎಥಿಕ್ಸ್ ಸಮಿತಿ ಒಪ್ಪಿತು. ಒಂದು ಕೋಣೆಯಲ್ಲಿ ಶುಗರ್ ಮಾತ್ರೆ ಬಿಟ್ಟ ಮುಳಬಾಗಿಲು ಕಡೆಯ ಅಜ್ಜಿ. ಪಾತ್ರ ಮಾಡಿದ್ದು ನಿವೃತ್ತ ಅಂಗನವಾಡಿ ಟೀಚರ್. ಅರ್ಧ ಕನ್ನಡ, ಅರ್ಧ ತೆಲುಗು, ಮಧ್ಯೆ ಸೊಸೆಯ ಮೇಲೆ ದೂರು. ಬೆಂಗಳೂರಿನ ಒಬ್ಬ ಹುಡುಗ ಚೆನ್ನಾಗಿ ಮಾತಾಡಿ ಒಳ್ಳೆ ಅಂಕ ತೆಗೆದ. ಹೊರರಾಜ್ಯದ ಒಬ್ಬಳು ಏನೂ ಅರ್ಥವಾಗದೆ ಸುಮ್ನೆ ಅಜ್ಜಿಯ ಕೈ ಹಿಡಿದು ಕೂತಳು. ಪರೀಕ್ಷಕರು ಕಡಿಮೆ ಕೊಟ್ಟರು. ಅಜ್ಜಿ ಮಾತ್ರ, "ಆ ಮಗು ಡಾಕ್ಟರಾದ್ರೆ ನಾನು ಹೋಗ್ತೀನಿ" ಅಂದರು. ನಾನು ಅಳೆದದ್ದು ಕರುಣೆಯನ್ನೋ, ಭಾಷೆಯನ್ನೋ? ಆ ಲೇಖನವೂ ಎರಡು ಕಡೆಯಿಂದ ವಾಪಸ್ ಬಂದಿದೆ. ಮೂರನೆಯ ಕಡೆ ಈ ಪ್ರಶ್ನೆಯನ್ನೇ ಮೊದಲ ಪುಟಕ್ಕೆ ತಂದು ಕಳಿಸಿದ್ದೇನೆ.

ಅರ್ಜಿಯ ಪಟ್ಟಿಯಲ್ಲಿ ಮೊದಲು ಏಳು ಲೇಖನ ಇದ್ದವು. ಅದರಲ್ಲಿ ಒಂದು, ದುಡ್ಡು ಕಟ್ಟಿದ ಮೂರೇ ದಿನಕ್ಕೆ ಅಚ್ಚಾಗಿದ್ದು. ಯಾರೂ ಓದಿರಲಿಲ್ಲ ಅಂತ ಕಾಣುತ್ತದೆ, ಅದರಲ್ಲಿದ್ದ ಒಂದು ತಪ್ಪು ಕೋಷ್ಟಕ ಹಾಗೇ ಬಂದಿದೆ. ಅದನ್ನು ಪಟ್ಟಿಯಿಂದ ತೆಗೆದೆ. ವಾಪಸ್ ಬಂದವುಗಳಿಗೆ ಬೇರೆ ನೋಟ್‌ಬುಕ್ ಇದೆ. ಅದರಲ್ಲಿ ಎಣಿಸಿದರೆ ಹನ್ನೊಂದು. ಅರ್ಜಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.